ಕೆಮ್ಮಣ್ಣುಗುಂಡಿಯಿಂದ ಇಳಿದ ದಾರಿ

ಬಾಬಾಬುಡನ್ ಗಿರಿಸಾಲು ಕುದುರೆ ಲಾಳದ ಆಕಾರದಲ್ಲಿದೆ ಎಂದು ಹಳೆಯ ಗೆಜೆಟಿಯರುಗಳಲ್ಲಿ ಬರೆದಿದೆ. ಲಾಳದ ಮಡಿಲಲ್ಲಿ ಜಾಗರ ಕಣಿವೆ. ನಮ್ಮ ಮಲ್ಲಂದೂರು ಆ ಕಣಿವೆಯ ತೆಂಕಣ ಬದಿಯ ಊರು. ಇಲ್ಲಿಂದ ಮುತ್ತೋಡಿಯ ಕಾಡು ಶುರುವಾಗುತ್ತದೆ. ಲಾಳದ ಬಡಗಣ ತೋಳಿನ ಮೇಲೆ ಕೆಮ್ಮಣ್ಣುಗುಂಡಿ. ಕಾಗೆ ಹಾರಿದ ಹಾದಿಯಲ್ಲಿ ಅದು ಹತ್ತಿರವೇ, ಆದರೆ ನಮ್ಮೂರಿನವರು ಅಲ್ಲಿಗೆ ಹೋಗಬೇಕಾದರೆ ಚಿಕ್ಕಮಗಳೂರಿಗೆ ಬಂದು ಗಿರಿ ಸುತ್ತಬೇಕು. ಹಾಗಾಗಿ ನಾವು ಚಿಕ್ಕವರಿದ್ದಾಗ ಕೆಮ್ಮಣ್ಣುಗುಂಡಿ ಎಂದರೆ ಶಾಲೆಯ ಪ್ರವಾಸದಲ್ಲಿ ನೋಡುವ ಹೂವಿನ ತೋಟ, ಮಹಾರಾಜರ ಬಂಗಲೆ, ಹೆಬ್ಬೆ ಜಲಪಾತ, ಅಷ್ಟೆ. ಅದೊಂದು ಗಣಿಯಾಗಿತ್ತು ಎಂಬುದು ನನಗೆ ತಿಳಿದದ್ದು ಎಂ.ಎ. ಓದುವಾಗ, ಭದ್ರಾವತಿಯ ಕಾರ್ಖಾನೆಯ ಬಗ್ಗೆ ಓದುತ್ತಾ.

ಹೆಸರಿನಲ್ಲೇ ಎಲ್ಲ ಇತ್ತು. ಕೆಂಪು ಮಣ್ಣಿನ ಗುಂಡಿ. ಊರಿನ ಜನ ಇಟ್ಟ ಹೆಸರು ಭೂವಿಜ್ಞಾನಿಯ ವರದಿಗಿಂತ ಮೊದಲೇ ವಿಷಯ ಹೇಳಿಬಿಟ್ಟಿತ್ತು. ಈ ಬೆಟ್ಟಗಳ ಕಬ್ಬಿಣದ ಪದರಗಳಿಗೆ ಇನ್ನೂರೈವತ್ತು ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಭೂವಿಜ್ಞಾನದ ಪುಸ್ತಕಗಳಲ್ಲಿ ಈ ಶಿಲಾವರ್ಗಕ್ಕೆ 'ಬಾಬಾಬುಡನ್' ಎಂದೇ ಹೆಸರು. ಕಾಫಿಯ ಏಳು ಬೀಜಗಳ ಕತೆಯಿಂದ ನಾಡಿಗೆಲ್ಲ ಗೊತ್ತಾದ ಒಬ್ಬ ಫಕೀರರ ಹೆಸರು ಹೀಗೆ ಕಲ್ಲಿಗೂ ಅಂಟಿಕೊಂಡಿದೆ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಆ ಕೆಂಪು ಮಣ್ಣು ಬೆಟ್ಟ ಇಳಿದ ದಾರಿಯ ಬಗ್ಗೆ ಈ ಬರಹ. ಅದಿರು ಕೆಮ್ಮಣ್ಣುಗುಂಡಿಯಿಂದ ರೋಪ್‌ವೇ ಮೇಲೆ ತೂಗಿಕೊಂಡು ಬೆಟ್ಟದ ಬುಡದ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಸಣ್ಣ ಗೇಜಿನ ಟ್ರಾಮ್ ಹಳಿಯ ಮೇಲೆ ಕಾಡು ದಾಟಿ ಭದ್ರಾವತಿಗೆ ಹೋಗುತ್ತಿತ್ತು. ಮಹಾರಾಜರ ಬಂಗಲೆಗೆ ಇವತ್ತು ಬುಕಿಂಗ್ ಇದೆ, ತೋಟಕ್ಕೆ ತೋಟಗಾರಿಕೆ ಇಲಾಖೆಯ ಮಾಲಿಗಳಿದ್ದಾರೆ. ಅದಿರಿನ ದಾರಿಗೆ ಮಾತ್ರ ಯಾರೂ ಇಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಬೆಟ್ಟದ ಮೇಲಿರುವ ಭಾರವಾದ ಸರಕನ್ನು ಕೆಳಗೆ ತರುವುದು ಹೇಗೆ ಎಂಬುದು ಕೈಗಾರಿಕಾ ಯುಗದ ಬಹು ಹಳೆಯ ಪ್ರಶ್ನೆ. ಮೊದಲ ಉಗಿಬಂಡಿಗಳು ಕಡಿದಾದ ಏರನ್ನು ಹತ್ತಲಾರದಷ್ಟು ದುರ್ಬಲವಾಗಿದ್ದವು. ಅದಕ್ಕೆ ಇಂಗ್ಲೆಂಡಿನ ಗಣಿಗಳವರು ಕಂಡುಕೊಂಡ ಉಪಾಯ ಇಳಿಜಾರು ಹಳಿ. ಬೆಟ್ಟದ ಮೈಗೆ ನೇರವಾಗಿ ಹಳಿ ಹಾಕಿ, ಮೇಲುಗಡೆ ಒಂದು ದೊಡ್ಡ ಚಕ್ರ ನಿಲ್ಲಿಸಿ, ಅದರ ಸುತ್ತ ಹಗ್ಗ ಅಥವಾ ಸರಪಳಿ ಸುತ್ತಿ, ಒಂದು ತುದಿಗೆ ತುಂಬಿದ ಬಂಡಿ, ಇನ್ನೊಂದು ತುದಿಗೆ ಖಾಲಿ ಬಂಡಿ ಕಟ್ಟುವುದು. ತುಂಬಿದ್ದು ಇಳಿಯುವಾಗ ಖಾಲಿಯದನ್ನು ಮೇಲಕ್ಕೆ ಎಳೆಯುತ್ತದೆ. ನಮ್ಮ ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದಂತೆಯೇ. ಸರಕು ಮೇಲಕ್ಕೇ ಹೋಗಬೇಕಾದ ಕಡೆ ಚಕ್ರ ತಿರುಗಿಸಲು ಉಗಿಯಂತ್ರ ಕೂರಿಸುತ್ತಿದ್ದರು.

ಇಂಥದ್ದರ ಪೈಕಿ ನಾನು ಹೆಚ್ಚು ಓದಿಕೊಂಡದ್ದು ಡರ್ಬಿಷೈರಿನ ಕ್ರಾಮ್‌ಫರ್ಡ್ ಅಂಡ್ ಹೈ ಪೀಕ್ ರೈಲ್ವೆಯ ಬಗ್ಗೆ. ಎರಡು ಕಾಲುವೆಗಳನ್ನು ಬೆಟ್ಟದ ಮೇಲಿಂದ ಜೋಡಿಸುವ 33 ಮೈಲಿಯ ಹಳಿ ಅದು. 1830-31ರಲ್ಲಿ ತೆರೆಯಿತು. ಬೆಟ್ಟ ಏರುವ ಕಡೆಯೆಲ್ಲ ಇಳಿಜಾರು ಹಳಿಗಳು. ಅವುಗಳಲ್ಲಿ ಒಂದಾದ ಮಿಡಲ್‌ಟನ್ ಇಳಿಜಾರಿನ ತಲೆಯ ಮೇಲೆ 1829ರಲ್ಲಿ ಕಟ್ಟಿದ ಉಗಿಯಂತ್ರ 1963ರವರೆಗೆ ಕೆಲಸ ಮಾಡಿತು. ಆಮೇಲೆ ಹಳಿ ಕಿತ್ತರು. ಆದರೆ ಯಂತ್ರದ ಮನೆಯನ್ನು ಹಾಗೇ ಉಳಿಸಿಕೊಂಡರು, ಹಳಿಯ ದಾರಿಯನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟರು. ಅದೇ ಹಳಿಯ ಇನ್ನೊಂದು ಇಳಿಜಾರಿನಲ್ಲಿ 1888ರಲ್ಲಿ ಬಂಡಿಗಳು ಹಗ್ಗ ತಪ್ಪಿಸಿಕೊಂಡು ಉರುಳಿ ಬಂದು, ಕೆಳಗಿನ ಕಾಲುವೆಯನ್ನೂ ಪಕ್ಕದ ರೈಲು ಹಳಿಯನ್ನೂ ಹಾರಿ ಬಿದ್ದವು. ಆಮೇಲೆ ಓಡಿಬಂದ ಬಂಡಿಯನ್ನು ಹಿಡಿಯಲು ಅಲ್ಲೊಂದು ಗುಂಡಿ ತೋಡಿದರು. ಆ ಗುಂಡಿಯನ್ನೂ, ಅದರಲ್ಲಿ ಜಜ್ಜಿಹೋಗಿ ಬಿದ್ದಿರುವ ಬಂಡಿಯನ್ನೂ ಕೂಡ ಅವರು ಉಳಿಸಿಕೊಂಡಿದ್ದಾರೆ. ಸುಣ್ಣದ ಕಲ್ಲು ಸಾಗಿಸಿದ ಒಂದು ದಾರಿಗೆ ಇಷ್ಟು ಮರ್ಯಾದೆ!

ನಮ್ಮಲ್ಲಿಯೂ ಬೆಟ್ಟದ ರೈಲುಗಳಿಗೆ ಮರ್ಯಾದೆ ಇಲ್ಲದಿಲ್ಲ. ಮೆಟ್ಟುಪಾಳ್ಯದಿಂದ ಉದಕಮಂಡಲಕ್ಕೆ ಹೋಗುವ ನೀಲಗಿರಿ ರೈಲನ್ನು ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 46 ಕಿಲೋಮೀಟರ್ ದಾರಿ. ಕೂನೂರಿನವರೆಗೆ 1899ರಲ್ಲಿ ತೆರೆಯಿತು, ಊಟಿಯವರೆಗೆ 1908ರಲ್ಲಿ. ಹನ್ನೆರಡೂವರೆ ಅಡಿಗೆ ಒಂದು ಅಡಿ ಏರುವ ಕಡೆ ಹಲ್ಲಿನ ಹಳಿಯನ್ನು ಕಚ್ಚಿಕೊಂಡು ಹತ್ತುತ್ತದೆ. ಅದು ಯೋಗ್ಯವಾದ ಗೌರವವೇ. ಆದರೆ ಡಾರ್ಜಿಲಿಂಗ್, ನೀಲಗಿರಿ, ಕಾಲ್ಕಾ-ಶಿಮ್ಲಾ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮೂರೂ ಜನ ಹತ್ತಿ ಕೂತ ರೈಲುಗಳು, ಮೂರೂ ಬಿಸಿಲು ತಾಳದ ಸಾಹೇಬರನ್ನು ತಂಪಿಗೆ ಒಯ್ದ ರೈಲುಗಳು. ಕಲ್ಲು, ಅದಿರು, ಕಟ್ಟಿಗೆ ಹೊತ್ತ ಹಳಿಗಳು ನಮ್ಮ ಪರಂಪರೆಯ ಪಟ್ಟಿಯಲ್ಲಿ ಸುಲಭವಾಗಿ ಜಾಗ ಪಡೆಯುವುದಿಲ್ಲ. ಕಿಟಕಿಯಿಂದ ಇಣುಕಿದವರ ನೆನಪು ಪುಸ್ತಕವಾಗುತ್ತದೆ. ಅದಿರಿಗೆ ಕಿಟಕಿ ಇಲ್ಲವಲ್ಲ.

ಕೆಮ್ಮಣ್ಣುಗುಂಡಿಯ ದಾರಿ ಹುಟ್ಟಿದ್ದು ಒಂದು ರಾಜ್ಯದ ಹಟದಿಂದ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಮಲೆನಾಡಿನಲ್ಲಿ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. ಕಲ್ಲಿದ್ದಲಿನ ಬದಲು ಕಾಡಿತ್ತು. ಕಾಡಿನ ಮರ ಸುಟ್ಟು ಇದ್ದಿಲು ಮಾಡಿ, ಇದ್ದಿಲಿನಿಂದ ಅದಿರು ಕರಗಿಸುವ ಯೋಜನೆ ಸಿದ್ಧವಾಯಿತು. ಟಾಟಾ ಕಂಪನಿಯ ಉಕ್ಕಿನ ಕೆಲಸದಲ್ಲೂ ಸಲಹೆಗಾರರಾಗಿದ್ದ ಅಮೆರಿಕದ ಎಂಜಿನಿಯರ್ ಸಿ.ಪಿ. ಪೆರಿನ್ ಇಲ್ಲಿಯೂ ಸಲಹೆ ಕೊಟ್ಟರು. ಭದ್ರಾ ನದಿಯ ದಡದ ಬೆಂಕಿಪುರ ಎಂಬ ಊರನ್ನು ಆರಿಸಿದರು. ಅಲ್ಲಿಗೆ ಬೀರೂರು-ಶಿವಮೊಗ್ಗ ರೈಲು ಆಗಲೇ ಇತ್ತು. ಊರಿಗೆ ಆಮೇಲೆ ನದಿಯ ಹೆಸರಿನಿಂದ ಭದ್ರಾವತಿ ಎಂದಾಯಿತು. ಕುಲುಮೆ ಬರುವ ಊರಿಗೆ ಬೆಂಕಿಪುರ ಎಂಬ ಹೆಸರು ಅದೆಷ್ಟು ಒಪ್ಪುತ್ತಿತ್ತು ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ. ಅದಿರಲಿ. 1923ರ ಜನವರಿ 18ರಂದು ಊದುಕುಲುಮೆಗೆ ಬೆಂಕಿ ಬಿತ್ತು.

ಕಾರ್ಖಾನೆಯ ಮೊದಲ ಪೂರ್ಣ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಮರ ಬರುತ್ತದೆ: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಮರವನ್ನು ಬಯಲಲ್ಲಿ ಸುಟ್ಟರೆ ಇದ್ದಿಲು ಮಾತ್ರ ಸಿಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಹೊಗೆಯನ್ನು ತಣಿಸಿ ಮರದ ಆಲ್ಕೊಹಾಲ್, ಅಸಿಟೇಟ್, ಟಾರು ಎಲ್ಲ ತೆಗೆಯಬಹುದು. ಲೆಕ್ಕ ನಿಂತದ್ದೇ ಇದರ ಮೇಲೆ. ಇವನ್ನು ಮಾರಿದ ಹಣದಿಂದ ಕಬ್ಬಿಣದ ಖರ್ಚು ಇಳಿಯುತ್ತದೆ ಎಂದು. ಆದರೆ ಭದ್ರಾವತಿಯ ಕುಲುಮೆ ಹೊತ್ತಿಕೊಂಡ 1923ರಲ್ಲೇ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ ಅದೇ ಆಲ್ಕೊಹಾಲನ್ನು ಮರವಿಲ್ಲದೆ, ಅನಿಲಗಳಿಂದ ಕೃತಕವಾಗಿ ತಯಾರಿಸಲು ಶುರುಮಾಡಿತು. ಮೊದಲ ಮಹಾಯುದ್ಧದ ನಂತರ ಕಬ್ಬಿಣದ ಬೆಲೆಯೂ ಕುಸಿದಿತ್ತು. ಒಂದು ಸಣ್ಣ ಸಂಸ್ಥಾನ ಎಷ್ಟು ಎಚ್ಚರದಿಂದ ಲೆಕ್ಕ ಹಾಕಿದರೂ ಜಗತ್ತಿನ ಮಾರುಕಟ್ಟೆ ಹೇಗೆ ಕಾಲೆಳೆಯುತ್ತದೆ ಎಂಬುದಕ್ಕೆ ನಾನು ಬಲ್ಲಂತೆ ಇದಕ್ಕಿಂತ ಒಳ್ಳೆಯ ಉದಾಹರಣೆ ಮೈಸೂರಿನ ಇತಿಹಾಸದಲ್ಲಿಲ್ಲ. ನಷ್ಟದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಲು ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ 1923ರಲ್ಲಿ ಮತ್ತೆ ಕರೆಸಿದರು. 1929ರವರೆಗೆ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು.

ಇದ್ದಿಲಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಕಟ್ಟಿಗೆ ಬೇಕು. ಒಂದು ಟನ್ ಬೀಡು ಕಬ್ಬಿಣಕ್ಕೆ ಹತ್ತಿರ ಹತ್ತಿರ ಒಂದು ಟನ್ ಇದ್ದಿಲು ಬೇಕು. ಅಂದರೆ ಕಬ್ಬಿಣಕ್ಕಿಂತ ಹಲವು ಪಟ್ಟು ತೂಕದ ಮರ ಕಾಡಿನಿಂದ ಬರಬೇಕು. ಹಾಗಾಗಿ ಟ್ರಾಮ್ ಹಳಿ ತಣಿಗೆಬೈಲಿನ ಅದಿರಿಗೆ ಮಾತ್ರ ಇದ್ದದ್ದಲ್ಲ, ಭದ್ರಾ ಕಣಿವೆಯ ಕಾಡಿನೊಳಗೆ ಕಟ್ಟಿಗೆಗಾಗಿಯೂ ಹಳಿಗಳು ಚಾಚಿಕೊಂಡಿದ್ದವು. ಇವುಗಳ ಜೊತೆಗೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿ ಗೇಜಿನ ಇನ್ನೊಂದು ಸಣ್ಣ ರೈಲಿತ್ತು. ಇವತ್ತು ಹುಲಿ ಯೋಜನೆಯ ಫಲಕ ನೆಟ್ಟಿರುವ, ಸಫಾರಿ ಜೀಪು ಓಡುವ ಸೀಮೆಯಲ್ಲಿ ನೂರು ವರ್ಷಗಳ ಹಿಂದೆ ಉಗಿಬಂಡಿಯ ಸಿಳ್ಳೆ ಕೇಳುತ್ತಿತ್ತು. 'ಮನುಷ್ಯ ಮುಟ್ಟದ ಕಾಡು' ಎಂದು ಪ್ರವಾಸದ ಕರಪತ್ರಗಳು ಹೇಳುವಾಗ ನನಗೆ ನಗು ಬರುತ್ತದೆ. ಮುಟ್ಟಿದ ಕಾಡು ಮತ್ತೆ ಬೆಳೆದದ್ದೇ ದೊಡ್ಡ ಸುದ್ದಿ, ಅದನ್ನು ಹೇಳಲು ಏಕೆ ಸಂಕೋಚವೋ.

ಇನ್ನು ರೋಪ್‌ವೇ. ಇಳಿಜಾರು ಹಳಿಯ ತಮ್ಮ ಎಂದು ಅದನ್ನು ಕರೆಯಬಹುದು. ಹಳಿ ಹಾಕಲು ಬೆಟ್ಟದ ಮೈ ಒಪ್ಪದ ಕಡೆ, ಕಮರಿ, ಹಳ್ಳ, ಶೋಲ ಕಾಡು ಅಡ್ಡ ಬಂದ ಕಡೆ, ಎಂಜಿನಿಯರುಗಳು ಹಳಿಯನ್ನು ಕೈಬಿಟ್ಟು ಹಗ್ಗವನ್ನಷ್ಟೇ ಉಳಿಸಿಕೊಂಡರು. ಕಬ್ಬಿಣದ ಕಂಬಗಳ ಮೇಲೆ ಉಕ್ಕಿನ ಹಗ್ಗ, ಹಗ್ಗಕ್ಕೆ ತೂಗುವ ತೊಟ್ಟಿಗಳು. ಅದಿರು ತುಂಬಿದ ತೊಟ್ಟಿ ಒಂದು ಬದಿಯಲ್ಲಿ ಇಳಿಯುತ್ತದೆ, ಖಾಲಿ ತೊಟ್ಟಿ ಇನ್ನೊಂದು ಬದಿಯಲ್ಲಿ ಏರುತ್ತದೆ. ತತ್ತ್ವ ಡರ್ಬಿಷೈರಿನದೇ. ಇಳಿಯುವ ಭಾರದ ಕೆಲಸದಲ್ಲಿ ಕಷ್ಟವಿರುವುದು ಎಳೆಯುವುದರಲ್ಲಿ ಅಲ್ಲ, ತಡೆಯುವುದರಲ್ಲಿ. ಬ್ರೇಕಿನ ಮುಂದೆ ನಿಂತವನ ಕಣ್ಣು ಒಂದು ಗಳಿಗೆ ತಪ್ಪಿದರೆ ಎಲ್ಲ ತೊಟ್ಟಿಗಳೂ ಓಟ ಕೀಳುತ್ತವೆ. ಮಳೆಗಾಲದಲ್ಲಿ ಈ ಬೆಟ್ಟಗಳ ಮೇಲೆ ಮಂಜು ಹೇಗೆ ಕವಿಯುತ್ತದೆ ಎಂದು ಬಲ್ಲವರಿಗೆ, ಒಂದು ಕಂಬದಿಂದ ಇನ್ನೊಂದು ಕಂಬ ಕಾಣದ ದಿನಗಳಲ್ಲಿ ಆ ಕೆಲಸ ಹೇಗಿದ್ದೀತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ನಿಂತವರು ಯಾರು? ನನ್ನ ಸಂಶೋಧನೆಯ ಪ್ರಶ್ನೆ ಇರುವುದು ಇಲ್ಲೇ. ನಾನು ಓದಿದ ಪುಸ್ತಕಗಳಲ್ಲಿ ದಿವಾನರ ಹೆಸರಿದೆ, ಪೆರಿನ್ ಹೆಸರಿದೆ, ಅದಿರಿನಲ್ಲಿ ಕಬ್ಬಿಣದ ಅಂಶ ಎಷ್ಟು ಎಂಬುದೂ ಇದೆ. ತೊಟ್ಟಿಗೆ ಅದಿರು ತುಂಬಿದವರು, ಹಗ್ಗಕ್ಕೆ ಗ್ರೀಸ್ ಹಚ್ಚಲು ಕಂಬ ಹತ್ತಿದವರು, ಟ್ರಾಮ್ ಹಳಿಯ ಕೆಳಗೆ ಜಲ್ಲಿ ಬಡಿದವರು ಮೊತ್ತವಾಗಿ ಬರುತ್ತಾರೆ, 'ಕೂಲಿಗಳು' ಎಂಬ ಒಂದು ಕಾಲಮ್ಮಿನಲ್ಲಿ. ಅವರ ಕಾಲದ ಮಲೆನಾಡು ಎಂದರೆ ಚಳಿಜ್ವರದ ಸೀಮೆ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಫೌಂಡೇಷನ್ನಿನ ನೆರವಿನಿಂದ ಮಲೇರಿಯಾದ ಅಧ್ಯಯನಕ್ಕೆ ಆರಿಸಿಕೊಂಡ ಜಾಗಗಳಲ್ಲಿ ನಮ್ಮ ಮೂಡಿಗೆರೆಯೂ ಒಂದು. ಕಾಫಿ ತೋಟದ ಲೈನ್ ಮನೆಗಳಲ್ಲಿ ಕ್ವಿನೈನ್ ಹಂಚುತ್ತಿದ್ದುದನ್ನು ನಮ್ಮಜ್ಜಿಯೂ ಹೇಳುತ್ತಿದ್ದರು, 'ಕಹಿ ಗುಳಿಗೆ ನುಂಗಿದ್ದು ನೋಡಿದ ಮೇಲೇ ಮೇಸ್ತ್ರಿ ಹಾಜರಿ ಹಾಕ್ತಿದ್ದ' ಎಂದು. ಲಕ್ಕವಳ್ಳಿಯ ಕಾಡಿನಲ್ಲಿ ಕಟ್ಟಿಗೆ ಕಡಿದವರ ಜ್ವರವೂ ಬೇರೆಯದಲ್ಲ.

ಒಮ್ಮೆ ನಮ್ಮ ಗೈಡ್ ಕೇಳಿದರು, 'ನೀನು ಬರೀತಿರೋದು ಇತಿಹಾಸವೋ, ಎಂಜಿನಿಯರಿಂಗೋ?' ನಾನು ಹೇಳಿದೆ, 'ಸರ್, ಹಗ್ಗ ಹೇಗೆ ಓಡ್ತಿತ್ತು ಅಂತ ಗೊತ್ತಿಲ್ದೆ ಹಗ್ಗ ಹಿಡ್ದವರ ಬಗ್ಗೆ ಬರೆಯೋಕೆ ಬರಲ್ಲ.' ಅವರು ನಕ್ಕು ಸುಮ್ಮನಾದರು. ಅದು ಒಪ್ಪಿಗೆಯ ನಗುವೇ ಇರಬೇಕು.

ಇನ್ನೊಂದು ವಿಚಿತ್ರವನ್ನು ಇಲ್ಲೇ ಹೇಳಿಬಿಡುತ್ತೇನೆ. ಕಡೂರಿಗೆ ರೈಲು ಬಂದದ್ದು 1889ರಲ್ಲಿ, ಬೆಂಗಳೂರಿನಿಂದ ಹರಿಹರದ ಕಡೆ ಹೋದ ಮಾರ್ಗದಲ್ಲಿ. ಕಡೂರಿನಿಂದ ಚಿಕ್ಕಮಗಳೂರಿಗೆ ಕೇವಲ 46 ಕಿಲೋಮೀಟರ್. ಆ ಹಳಿ ತೆರೆದದ್ದು 2013ರ ನವೆಂಬರಿನಲ್ಲಿ. ನಡುವೆ 124 ವರ್ಷ! ಮಲ್ಲಂದೂರು, ಮೂಡಿಗೆರೆ, ಕಳಸದ ಕಾಫಿ ಅಷ್ಟೂ ಕಾಲ ಎತ್ತಿನ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ ಘಟ್ಟ ಇಳಿಯಿತು. ಅದೇ ಗಿರಿಸಾಲಿನ ಇನ್ನೊಂದು ಮಗ್ಗುಲಲ್ಲಿ ಅದಿರು ಹಳಿ ಹಿಡಿದು ಹೋಗುತ್ತಿತ್ತು. ಜಿಲ್ಲಾ ಕೇಂದ್ರದ ಜನ ರೈಲಿಗಾಗಿ ಅರ್ಜಿ ಬರೆಯುತ್ತಲೇ ಇದ್ದರು.

ಭದ್ರಾವತಿಯ ಕತೆ ಮುಂದಕ್ಕೆ ಬೇಗ ಓಡುತ್ತದೆ. 1936ರಲ್ಲಿ ಉಕ್ಕು, ಆಮೇಲೆ ಸಿಮೆಂಟು. ಜೋಗದಲ್ಲಿ ವಿದ್ಯುತ್ ಹುಟ್ಟಿದ ಮೇಲೆ 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದವು, ಕಾಡಿನ ಇದ್ದಿಲಿನ ಮೇಲಿನ ಭಾರ ಇಳಿಯಿತು. (ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೂ, 1902ರ ಶಿವನಸಮುದ್ರದ ವಿದ್ಯುದಾಗಾರಕ್ಕೂ ಕೆಳಗಿಳಿಯಲು ಹಳಿಯ ಮೇಲಿನ ಟ್ರಾಲಿ ಇದೆ. ಇಳಿಜಾರು ಹಳಿ ಎಂದರೇನು ಎಂದು ಕರ್ನಾಟಕದಲ್ಲೇ ನೋಡಬಯಸುವವರಿಗೆ ಅವೇ ಒಳ್ಳೆಯ ಪಾಠ.) ಕಾರ್ಖಾನೆಗೆ 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರಿಟ್ಟರು, 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಬಂತು. ಲಾರಿಗಳು ಬಂದವು, ಸಣ್ಣ ಹಳಿಗಳು ಹೋದವು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು ಕಣಿವೆಯ ನಕ್ಷೆಯೇ ಬದಲಾಯಿತು. ಕೆಮ್ಮಣ್ಣುಗುಂಡಿಯಲ್ಲಿ ಗಣಿಯ ಕೆಲಸವೂ ನಿಂತಿತು. 2023ರ ಜನವರಿಯಲ್ಲಿ, ಕುಲುಮೆಗೆ ನೂರು ತುಂಬಿದ ತಿಂಗಳಲ್ಲೇ, ಕಾರ್ಖಾನೆ ಮುಚ್ಚುವ ತೀರ್ಮಾನದ ಸುದ್ದಿ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಶತಮಾನೋತ್ಸವದ ಶಾಮಿಯಾನ ಹಾಕಬೇಕಾದ ಕಡೆ ಧರಣಿಯ ಶಾಮಿಯಾನ.

ಈ ನೂರು ಎಂಬ ಸಂಖ್ಯೆಗೆ ಕಾನೂನಿನಲ್ಲೂ ಅರ್ಥವಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಒಂದು ಕಟ್ಟಡ ಅಥವಾ ರಚನೆಗೆ ಚಾರಿತ್ರಿಕ ಮಹತ್ವ ಇರಬೇಕು, ಜೊತೆಗೆ ಕನಿಷ್ಠ ನೂರು ವರ್ಷ ಆಗಿರಬೇಕು. ಆ ಕಾಯಿದೆ ಶಾಸನ, ಗುಹೆ, ಏಕಶಿಲೆ, ಸಮಾಧಿಗಳ ಹೆಸರು ಹೇಳುತ್ತದೆ. ರೋಪ್‌ವೇ ಕಂಬದ ಹೆಸರು ಹೇಳುವುದಿಲ್ಲ, ಆದರೆ ಬೇಡವೆಂದೂ ಹೇಳುವುದಿಲ್ಲ. 'ರಚನೆ' ಎಂಬ ಪದದೊಳಗೆ ಅದು ಆರಾಮವಾಗಿ ಕೂರುತ್ತದೆ. ಭದ್ರಾವತಿಯ ಮೊದಲ ಕಾಲದ ಕಟ್ಟಡಗಳಿಗೂ ಆ ಕಾಲಕ್ಕೆ ಸೇರಿದ ಬೆಟ್ಟದ ಕಟ್ಟಣೆಗಳಿಗೂ ಈಗ ಆ ವಯಸ್ಸು ಬರುತ್ತಿದೆ. ಕಷ್ಟವೇನೆಂದರೆ, ದೇವಸ್ಥಾನದ ಕಲ್ಲಿಗೆ ನೂರು ವರ್ಷ ಕಾಯುವ ತಾಳ್ಮೆ ಇದೆ. ಕಬ್ಬಿಣಕ್ಕಿಲ್ಲ. ಮಲೆನಾಡಿನ ಮಳೆಯಲ್ಲಂತೂ ಇಲ್ಲವೇ ಇಲ್ಲ. ತುಕ್ಕಿನ ಜೊತೆಗೆ ಗುಜರಿಯವರೂ ಇದ್ದಾರೆ. ಕಬ್ಬಿಣದ ಕಂಬದ ಮೇಲೆ ಶಾಸನ ಕೊರೆದಿರುವುದಿಲ್ಲ, ಕಿಲೋಗೆ ಇಷ್ಟು ಎಂಬ ದರ ಮಾತ್ರ ಇರುತ್ತದೆ.

ಇದಕ್ಕೆ ಎದುರಾದ ವಾದವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ತಣಿಗೆಬೈಲು, ಹೆಬ್ಬೆ, ಲಕ್ಕವಳ್ಳಿ, ಮುತ್ತೋಡಿ ಇವೆಲ್ಲ ಇವತ್ತು ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ವಲಯಗಳು. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ ಶುರುವಾದದ್ದು 1974ರಲ್ಲಿ ಭದ್ರಾ ಅಭಯಾರಣ್ಯವಾಗಿ ಬೆಳೆಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಈ ಕಾಡಿನೊಳಗಿನ ಹಳ್ಳಿಗಳ ಜನರನ್ನು 2001-02ರ ಹೊತ್ತಿಗೆ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಸ್ಥಳಾಂತರಿಸಿದರು. ಜನ ಮನೆ ಬಿಟ್ಟು ಬಂದ ಕಾಡಿಗೆ ಈಗ ತುಕ್ಕು ಕಬ್ಬಿಣ ನೋಡಲು ಪ್ರವಾಸಿಗರನ್ನು ಕರೆದೊಯ್ಯಿರಿ ಎಂದರೆ ಯಾವ ನ್ಯಾಯ? ನನಗೂ ಅದು ಬೇಡ. ಕೆಮ್ಮಣ್ಣುಗುಂಡಿಗೆ ವಾರದ ಕೊನೆಯಲ್ಲಿ ಏರುವ ಕಾರುಗಳನ್ನು ನೋಡಿದರೆ ಇನ್ನೊಂದು 'ಪಾಯಿಂಟ್' ಸೇರಿಸುವ ಆಸೆ ಯಾರಿಗೂ ಬರಬಾರದು. ನಾನು ಕೇಳುವುದು ಅದಕ್ಕಿಂತ ಸಣ್ಣದು. ಯಾವ ಕಂಬ ಎಲ್ಲಿತ್ತು, ಟ್ರಾಮ್ ಹಳಿಯ ಏರಿ ಎಲ್ಲಿ ಉಳಿದಿದೆ, ಮೋರಿಗಳು ಎಷ್ಟಿವೆ ಎಂದು ಅಳತೆ ತೆಗೆದು, ಚಿತ್ರ ತೆಗೆದು ಒಂದು ಕಡೆ ಇಡುವುದು. ಉಳಿದಿರುವ ಕಬ್ಬಿಣವನ್ನು ಗುಜರಿಗೆ ಹಾಕದಿರುವುದು. ಕಾರ್ಖಾನೆಯ ಕಾಗದಪತ್ರಗಳನ್ನು, ಮುಖ್ಯವಾಗಿ ಹಾಜರಿ ಪುಸ್ತಕಗಳನ್ನು, ಗೆದ್ದಲಿಗೆ ಬಿಡದಿರುವುದು. ಕೆಮ್ಮಣ್ಣುಗುಂಡಿಯ ತೋಟದಲ್ಲಿ, ಗುಲಾಬಿ ಪಾತಿಯ ಪಕ್ಕದಲ್ಲೇ ಆಗಲಿ, ಈ ಬೆಟ್ಟದಿಂದ ಅದಿರು ಇಳಿದ ಬಗೆಯನ್ನು ಹೇಳುವ ಒಂದು ಫಲಕ.

ಕುದುರೆಮುಖವನ್ನು ನೋಡಿದ ಮೇಲೆ ನನಗೆ ಈ ಆತುರ ಹೆಚ್ಚಾಗಿದೆ. ಅಲ್ಲಿ ಅದಿರು ಇಳಿದದ್ದು ಮೂರನೆಯ ಬಗೆಯ ಇಳಿಜಾರಿನಲ್ಲಿ. 1976ರಲ್ಲಿ ಹುಟ್ಟಿದ ಕಂಪನಿ ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿತು. ಹಳಿಯೂ ಇಲ್ಲ, ಹಗ್ಗವೂ ಇಲ್ಲ, ಬೆಟ್ಟವೇ ಹೊಳೆಯಂತೆ ಇಳಿಯಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅದು ನಿಲ್ಲಬೇಕಾಗಿತ್ತು, ಭದ್ರೆಯೂ ತುಂಗೆಯೂ ಹುಟ್ಟುವ ಬೆಟ್ಟ ಅದು. ಆದರೆ ಗಣಿ ಬೇಕೋ ಬೇಡವೋ ಎಂಬ ಜಗಳದಲ್ಲಿ ಎರಡು ಬಣದವರೂ ಅಲ್ಲಿ ಕಾಲು ಶತಮಾನ ದುಡಿದವರ ಬದುಕನ್ನು ಬರೆದಿಡುವ ಗೋಜಿಗೆ ಹೋಗಲಿಲ್ಲ. ಕಳಸದ ಸಂತೆಯಲ್ಲಿ ಇವತ್ತಿಗೂ 'ಕಂಪ್ನಿ ಇದ್ದಾಗ' ಎಂದು ಮಾತು ಶುರುಮಾಡುವವರು ಸಿಗುತ್ತಾರೆ. ಕೆಮ್ಮಣ್ಣುಗುಂಡಿಯ ರೋಪ್‌ವೇ ಬಗ್ಗೆ ಹಾಗೆ ಮಾತು ಶುರುಮಾಡುವವರನ್ನು ಹುಡುಕಿಕೊಂಡೇ ಹೋಗಬೇಕು, ಮತ್ತು ಅವರಿಗೆಲ್ಲ ವಯಸ್ಸಾಗಿದೆ.

ಲಿಂಗದಹಳ್ಳಿಯ ಕಡೆ ಹಾಗೆ ಇಬ್ಬರು ಸಿಕ್ಕಿದ್ದಾರೆ. ಒಬ್ಬರಿಗೆ ಕಿವಿ ಕೇಳುವುದಿಲ್ಲ, ಬರೆದು ತೋರಿಸಿದರೆ ಉತ್ತರ ಹೇಳುತ್ತಾರೆ. ಇನ್ನೊಬ್ಬರು ತೊಟ್ಟಿಗಳ ಲೆಕ್ಕವನ್ನು ಈಗಲೂ ಬೆರಳಿನಲ್ಲಿ ಎಣಿಸಿ ತೋರಿಸುತ್ತಾರೆ, ನಡುವೆ ಮರೆತರೆ ಮತ್ತೆ ಒಂದರಿಂದ ಶುರುಮಾಡುತ್ತಾರೆ. ಮಳೆ ಹಿಡಿಯುವುದಕ್ಕೆ ಮುಂಚೆ ರೆಕಾರ್ಡರ್ ತೆಗೆದುಕೊಂಡು ಇನ್ನೊಮ್ಮೆ ಹೋಗಿ ಬರಬೇಕು.